ಹಿತ್ತಾಳೆಯ ಭುಜದ ಗುಳಿ

ಅಚ್ಚು ಇರಬೇಕಾದ ಕೆಂಪು ಡಬ್ಬಿ ಖಾಲಿಯಾಗಿತ್ತು.

ಲೆನೋರಾ ಅದನ್ನು ಬೋರಲು ಹಾಕಿ ಅಂಗೈಗೆ ಬಡಿದು ನೋಡಿದಳು. ಏನೂ ಬೀಳಲಿಲ್ಲ. ನೆಲಮಾಳಿಗೆಯ ಮೇಜಿನ ಮೇಲೆ ಉಳಿದದ್ದೆಲ್ಲ ತನ್ನ ತನ್ನ ಜಾಗದಲ್ಲಿತ್ತು: ಖಾಲಿ ತೋಟಾಗಳನ್ನು ಮತ್ತೆ ತುಂಬುವ ಎರಕದ ಕಬ್ಬಿಣದ ಪ್ರೆಸ್ಸು, ಮದ್ದು ತೂಗುವ ಪುಟ್ಟ ತಕ್ಕಡಿ, ಹಿತ್ತಾಳೆಗೆ ಸವರುವ ಮೇಣದ ಚಪ್ಪಟೆ ಡಬ್ಬಿ. ಅವಳ ಗಂಡ ಆರ್ಲೋ ತನ್ನ ಸಾಮಾನನ್ನು ಎಂದೂ ಎಲ್ಲೆಂದರಲ್ಲಿ ಬಿಡುವವನಲ್ಲ. ಸುತ್ತಿಗೆಯೊಂದು ಗೂಟ ತಪ್ಪಿದರೂ ಊಟ ಸೇರದ ಗಂಡಸು. ಅಂಥವನ ಡಬ್ಬಿಯಿಂದ ಅಚ್ಚು ಮಾಯವಾಗಿತ್ತು.

ಮೇಲೆ ಟೀವಿಯಲ್ಲಿ ಭಾನುವಾರದ ಫುಟ್‌ಬಾಲ್ ಕೂಗುತ್ತಿತ್ತು. ಆರ್ಲೋ ಕುರ್ಚಿಯಿಂದ ಎದ್ದ ಸದ್ದಿಲ್ಲ.

ಅವಳು ಡ್ರಾಯರುಗಳನ್ನು ಎಳೆದಳು. ಕಪಾಟಿನ ಹಿಂದೆ ಕೈ ಹಾಕಿದಳು. ಕೊನೆಗೆ ಹಳೆಯ ಕಾಫಿ ಡಬ್ಬದಲ್ಲಿ, ತುಕ್ಕು ಹಿಡಿದ ಮೊಳೆಗಳ ಅಡಿಯಲ್ಲಿ, ಚಿಂದಿ ಬಟ್ಟೆಯಲ್ಲಿ ಸುತ್ತಿದ ಗಟ್ಟಿ ವಸ್ತುವೊಂದು ಕೈಗೆ ತಗುಲಿತು. ಬಿಚ್ಚಿದಳು. ಅದೇ ಅಚ್ಚು.

ಬಚ್ಚಿಟ್ಟಿದ್ದಾನೆ. ಈ ಮನೆಯಲ್ಲಿ ಇರುವವರು ಇಬ್ಬರೇ. ಬಚ್ಚಿಟ್ಟದ್ದು ಯಾರಿಂದ ಎಂದು ಕೇಳಬೇಕಾದ ಅಗತ್ಯವಿರಲಿಲ್ಲ.

ಕೆಲವು ವಾರಗಳ ಹಿಂದೆ, ಬೇಟೆಯ ಕಾಲ ಶುರುವಾದ ಶನಿವಾರ ಬೆಳಿಗ್ಗೆ ಮರ್ಲ್ ಪ್ರೂಯೆಟ್ ತನ್ನದೇ ಹುಲ್ಲುಗಾವಲಿನಲ್ಲಿ ಗುಂಡು ತಿಂದು ಬಿದ್ದಿದ್ದ. ಅವನನ್ನು ಕೊಂದವನೆಂದು ಕರ್ಟಿಸ್ ಮಾಲ್ಮ್ ಎಂಬ ಕೂಲಿಯಾಳಿಗೆ ಕೋಳ ತೊಡಿಸಿದವಳು ಕೌಂಟಿ ಪೊಲೀಸಿನ ಡೆಪ್ಯುಟಿ ಲೆನೋರಾ ಸ್ಟೆನ್‌ರುಡ್, ಅಂದರೆ ಅವಳೇ.

ಕೋಲ್ಡ್ ಫೋರ್ಕ್ ಊರಿಗೆ ಊರೇ ಆ ದಿನ ನೆಮ್ಮದಿಯ ಉಸಿರು ಬಿಟ್ಟಿತ್ತು. ಕರ್ಟಿಸ್ ಹೊರಗಿನವನು, ಒಮ್ಮೆ ಜೈಲು ಕಂಡವನು. ಮರ್ಲ್ ಅವನನ್ನು ಕೆಲಸದಿಂದ ಓಡಿಸಿದ್ದ. ಕರ್ಟಿಸ್ ಹೆಂಡದಂಗಡಿಯಲ್ಲಿ ಎಲ್ಲರೆದುರು ಮರ್ಲ್‌ಗೆ 'ನಿನ್ನ ನೋಡ್ಕೋತೀನಿ' ಎಂದು ಕೂಗಾಡಿದ್ದ. ಅವನ ಟೂ-ಸೆವೆಂಟಿ ಅಳತೆಯ ರೈಫಲ್ ಎಲ್ಲಿ ಎಂದರೆ, ದಾರಿಹೋಕನೊಬ್ಬನಿಗೆ ಮಾರಿದೆ ಎಂದ. ಸಾಕಾಯಿತು ಎಲ್ಲರಿಗೂ.

ಈ ಲೆಕ್ಕಕ್ಕೆ ಹೊಂದದೇ ಹೋದದ್ದು ಹುಲ್ಲುಗಾವಲಿನ ಪಕ್ಕದ ದಿಣ್ಣೆಯ ಮೇಲೆ ಕೆಸರಿನಲ್ಲಿ ಸಿಕ್ಕ ಒಂದು ಖಾಲಿ ಹಿತ್ತಾಳೆ. ಗುಂಡು ಹಾರಿದ ಮೇಲೆ ಕೋವಿಯಿಂದ ಹೊರಗೆ ನೆಗೆದು ಬಿದ್ದ ತೋಟಾದ ಚಿಪ್ಪು. ಅದು ಪ್ರಯೋಗಾಲಯಕ್ಕೆ ಹೋಗಿ ತೊಳೆಸಿಕೊಂಡು ಶುಕ್ರವಾರ ವಾಪಸು ಬಂದಿತ್ತು.

"ಇದು ಅಂಗಡಿ ತೋಟಾ ಅಲ್ಲ," ಎಂದಿದ್ದಳು ಪ್ರಯೋಗಾಲಯದ ಹೆಂಗಸು ಫೋನಿನಲ್ಲಿ. "ಯಾರೋ ಮನೇಲಿ ಮತ್ತೆ ತುಂಬಿರೋದು. ಮೈಮೇಲೆ ಉದ್ದುದ್ದಕ್ಕೆ ಗೀಟು ಬಿದ್ದಿದೆ ನೋಡಿ, ಅಚ್ಚಿನೊಳಗೆ ಮರಳು ಕೂತಿರ್ಬೇಕು. ಕಣಿವೆಯ ಬೇಟೆಗಾರರದು ಅಂತ ನೀವು ಕಳಿಸಿದ ಟೂ-ಸೆವೆಂಟಿಗಳಲ್ಲಿ ಯಾವುದರಿಂದಲೂ ಇದು ಹಾರಿಲ್ಲ."

ಅದನ್ನೇ ಹೇಳಿದಾಗ ಕರ್ಟಿಸ್ ಸರಳುಗಳ ಆಚೆಯಿಂದ ಹಲ್ಲು ಕಿರಿದಿದ್ದ. "ಮೇಡಂ, ನಂಗೆ ಮಲಗೋಕೆ ಸ್ವಂತ ಮಂಚ ಇಲ್ಲ. ತೋಟಾ ತುಂಬೋ ಪ್ರೆಸ್ಸು ಎಲ್ಲಿಂದ ತರ್ಲಿ? ಇಲ್ಲೇ ದಿಂಬಿನ ಕೆಳಗೆ ಇದೆ, ಹುಡುಕ್ಕೊಳ್ಳಿ."

ಲೆನೋರಾ ನಗಲಿಲ್ಲ. ಅಷ್ಟರಲ್ಲಾಗಲೇ ಅವಳು ಚೀಲದೊಳಗಿನ ಹಿತ್ತಾಳೆಯನ್ನು ಬೆಳಕಿಗೆ ಹಿಡಿದು ನೋಡಿದ್ದಳು. ಎರಡು ಗೀಟು. ಒಂದು ಉದ್ದ, ಅದರ ಪಕ್ಕಕ್ಕೆ ಅಂಟಿಕೊಂಡಂತೆ ಒಂದು ಗಿಡ್ಡ.

ಆ ಗೀಟುಗಳನ್ನು ಅವಳು ಬಲ್ಲಳು.

ಈಗ ಅವಳು ಅಚ್ಚನ್ನು ಪ್ರೆಸ್ಸಿಗೆ ತಿರುಗಿಸಿ ಬಿಗಿದಳು. ತಟ್ಟೆಯಲ್ಲಿದ್ದ ಖಾಲಿ ಹಿತ್ತಾಳೆಗಳಲ್ಲಿ ಒಂದನ್ನು ಆರಿಸಿಕೊಂಡಳು. ಒಮ್ಮೆ ಹಾರಿದ ಹಿತ್ತಾಳೆ ಕೋವಿಯ ಹೊಟ್ಟೆಯೊಳಗೆ ಉಬ್ಬಿಕೊಳ್ಳುತ್ತದೆ. ಅದನ್ನು ಮತ್ತೆ ತುಂಬಬೇಕಾದರೆ ಉಕ್ಕಿನ ಅಚ್ಚಿನೊಳಗೆ ಒತ್ತಿ ಮೊದಲಿನ ಅಳತೆಗೆ ತರಬೇಕು. ಒಣ ಹಿತ್ತಾಳೆಯನ್ನು ಒತ್ತಿದರೆ ಅದು ಅಲ್ಲೇ ಕಚ್ಚಿಕೊಂಡು ಕೂರುತ್ತದೆ, ಆಮೇಲೆ ಗರಗಸ ತಂದರೂ ಬಿಡುವುದಿಲ್ಲ. ಅದಕ್ಕೇ ಮೇಣ. ಅವಳು ಬೆರಳ ತುದಿಯಲ್ಲಿ ಮೇಣ ತೆಗೆದು ಹಿತ್ತಾಳೆಯ ಮೈಗೆ, ಭುಜಕ್ಕೆ, ಕತ್ತಿಗೆ ಸವರಿದಳು. ಹಿಡಿಯ ಮೇಲೆ ಮೈಭಾರ ಬಿಟ್ಟಳು.

ಪ್ರೆಸ್ಸು ನರಳಿತು. ಮೇಲೆ ಟೀವಿಯ ಸದ್ದು ತಟ್ಟನೆ ನಿಂತಿತು.

ಹಿಡಿಯನ್ನು ಎತ್ತಿದಾಗ ಹಿತ್ತಾಳೆ ಹೊಳೆಯುತ್ತ ಹೊರಬಂತು. ಮೇಣ ಒರೆಸಿ ದೀಪದ ಕೆಳಗೆ ತಿರುಗಿಸಿದಳು. ಎರಡು ಗೀಟು. ಒಂದು ಉದ್ದ, ಒಂದು ಗಿಡ್ಡ. ಜೇಬಿನಿಂದ ದಿಣ್ಣೆಯ ಹಿತ್ತಾಳೆಯ ಚೀಲವನ್ನು ತೆಗೆದು ಪಕ್ಕದಲ್ಲಿಟ್ಟಳು. ಅವಳಿ ಮಕ್ಕಳ ಹಾಗಿದ್ದವು.

ಮೆಟ್ಟಿಲುಗಳ ಮೇಲೆ ಆರ್ಲೋನ ಹೆಜ್ಜೆ ಇಳಿದು ಬಂತು. ಅವಸರವಿಲ್ಲದ ಹೆಜ್ಜೆ. ಅವನು ಕಡೆಯ ಮೆಟ್ಟಿಲಿನ ಮೇಲೆ ನಿಂತ. ಎತ್ತರದ ಬಡಕಲು ಮನುಷ್ಯ, ಉಣ್ಣೆಯ ಅಂಗಿಯ ತೋಳು ಮಡಚಿದ್ದ. ಮೊದಲು ಪ್ರೆಸ್ಸನ್ನು ನೋಡಿದ, ಆಮೇಲೆ ಕಾಫಿ ಡಬ್ಬವನ್ನು, ಕೊನೆಗೆ ಹೆಂಡತಿಯನ್ನು.

"ಚಿಲಿ ಸಾರು ಬಿಸಿ ಮಾಡ್ಲಾ ಅಂತ ಕೇಳೋಕೆ ಬಂದೆ," ಎಂದ.

"ಅಚ್ಚು ಯಾಕೆ ಬಚ್ಚಿಟ್ಟೆ ಆರ್ಲೋ?"

"ನಿನ್ನ ಕೈಗೆ ಸಿಗ್ಬಾರ್ದು ಅಂತ."

"ಸಿಕ್ತಲ್ಲ."

"ಡೆಪ್ಯುಟಿ ಅಲ್ವಾ ನೀನು. ಸಿಗ್ದೆ ಇರುತ್ತಾ?"

ಅವನ ದನಿಯಲ್ಲಿ ಕೋಪವಿರಲಿಲ್ಲ. ಅದು ಅವಳನ್ನು ಇನ್ನಷ್ಟು ಉರಿಸಿತು.

"ಈ ಗೀಟು ನೋಡು," ಎಂದಳು. "ಯಾವುದು ಅಂತ ನಿಂಗೆ ನಾನು ಹೇಳ್ಬೇಕಾ?"

ಹೇಳಬೇಕಾಗಿರಲಿಲ್ಲ. ಅವರ ಮಗ ನೆಲ್ಸ್‌ಗೆ ಹತ್ತು ವರ್ಷವಿದ್ದಾಗ, ಅಂಗಳದ ಜಲ್ಲಿಯಲ್ಲಿ ಬಿದ್ದ ಹಿತ್ತಾಳೆಯನ್ನು ಒರೆಸದೆ ಹಾಗೇ ಅಚ್ಚಿಗೆ ತುರುಕಿ ಒತ್ತಿಬಿಟ್ಟಿದ್ದ. ಅಂದಿನಿಂದ ಆ ಅಚ್ಚಿನಿಂದ ಹೊರಬಂದ ಪ್ರತಿ ಹಿತ್ತಾಳೆಯ ಮೈಮೇಲೂ ಆ ಎರಡು ಗೀಟು. ಹೊಸ ಅಚ್ಚು ತಂದುಕೋ ಎಂದು ಅವಳು ಎಷ್ಟೋ ಸಲ ಹೇಳಿದ್ದಳು. ನೆಲ್ಸ್ ಸತ್ತ ಮೇಲೆ ಹೇಳುವುದನ್ನು ಬಿಟ್ಟಿದ್ದಳು.

ನೆಲ್ಸ್‌ನನ್ನು ಕೊಂದದ್ದು ಮರ್ಲ್ ಪ್ರೂಯೆಟ್‌ನ ಪಿಕಪ್ಪು. ಹಗಲಿನಲ್ಲೇ ಕುಡಿದು ಎದುರು ದಿಕ್ಕಿಗೆ ಬಂದಿದ್ದ. ಕೋರ್ಟಿನಲ್ಲಿ ರಸ್ತೆಯ ಮೇಲೆ ಮಂಜುಗಡ್ಡೆ ಇತ್ತೆಂದ. ಜೂರಿಯಲ್ಲಿ ಕೂತಿದ್ದ ನೆರೆಹೊರೆಯವರು ತಲೆಯಾಡಿಸಿ ಬಿಟ್ಟು ಕಳಿಸಿದರು. ಅದೇ ಜನ ಮುಂದಿನ ಭಾನುವಾರ ಚರ್ಚಿನಲ್ಲಿ ಲೆನೋರಾಳ ಕೈ ಹಿಡಿದು, ನಿಮಗೋಸ್ಕರ ಪ್ರಾರ್ಥಿಸ್ತಾ ಇದ್ದೀವಿ ಎಂದರು. ಆರು ವರ್ಷವಾಗಿತ್ತು. ಮರ್ಲ್‌ನ ಹೆಸರನ್ನು ಈ ಮನೆಯ ಊಟದ ಮೇಜಿನಲ್ಲಿ ಇಬ್ಬರೂ ಎತ್ತಿರಲಿಲ್ಲ.

"ಯಾರಿಗೆ ತುಂಬಿಕೊಟ್ಟೆ?" ಎಂದಳು. "ನಿನ್ನ ಕೋವಿ ಅಲ್ಲ ಅಂತ ಪ್ರಯೋಗಾಲಯ ಹೇಳಿದೆ. ಆದ್ರೆ ಹಿತ್ತಾಳೆ ನಿಂದು. ಯಾರ ಕೈಲಿ ಹೊಡೆಸ್ದೆ?"

ಆರ್ಲೋ ಅವಳನ್ನೇ ದಿಟ್ಟಿಸಿದ. ಆಮೇಲೆ ನಕ್ಕ. ಬಾಯಿ ಮಾತ್ರ ಅಗಲವಾದ ಒಣ ನಗು.

"ನನ್ನ ಹತ್ರ ನಾಟಕ ಯಾಕೆ ನೋರಾ? ಇಲ್ಲಿ ಯಾರೂ ಕೇಳಿಸ್ಕೊಳ್ತಿಲ್ಲ."

"ಏನು ನಾಟಕ?"

ಅವನು ಮೇಜಿನ ಬಳಿಗೆ ಬಂದ. ಅವಳು ಈಗ ತಾನೇ ಒತ್ತಿದ ಹಿತ್ತಾಳೆಯನ್ನು ಎತ್ತಿಕೊಂಡು ತುಸು ಓರೆಯಾಗಿ ಬೆಳಕಿಗೆ ಹಿಡಿದ. "ಗೀಟು ನೋಡ್ದೆ. ಭುಜ ನೋಡ್ಲಿಲ್ಲ."

ಹಿತ್ತಾಳೆಯ ಮೈ ಕಿರಿದಾಗಿ ಕತ್ತಿನ ಕಡೆಗೆ ಇಳಿಯುವಲ್ಲಿ, ಆ ಇಳಿಜಾರಿನ ಮೇಲೆ, ಉಗುರಿನಿಂದ ಒತ್ತಿದ ಹಾಗೆ ಒಂದು ಗುಳಿ ಬಿದ್ದಿತ್ತು.

"ಮೇಣ ಜಾಸ್ತಿ," ಎಂದ. "ಒಳಗೆ ಹೋದ ಮೇಣಕ್ಕೆ ಓಡೋಕೆ ಜಾಗ ಇಲ್ದೆ ಭುಜಾನ ತುಳಿಯುತ್ತೆ. ಬೆರಳಿಗೆ ಹತ್ತಿದೆಯೋ ಇಲ್ವೋ ಅನ್ನೋಷ್ಟೇ ಸಾಕು ಅಂತ ಎಷ್ಟು ಸಲ ಬಡ್ಕೊಂಡೆ? ನೀನು ರೊಟ್ಟಿಗೆ ಬೆಣ್ಣೆ ಹಚ್ಚಿದ ಹಾಗೆ ಹಚ್ಚಿದೆ. ಈಗ ನಿನ್ನ ಚೀಲದಲ್ಲಿರೋದನ್ನ ನೋಡು."

ಅವಳು ಚೀಲವನ್ನು ಎತ್ತಿ ತಿರುಗಿಸಿದಳು. 

ಗುಳಿ ಇತ್ತು. ಭುಜದ ಅದೇ ಜಾಗದಲ್ಲಿ.

"ನಾನು ಒತ್ತಿದ ಹಿತ್ತಾಳೆಗೆ ಒಂದಾದ್ರೂ ಗುಳಿ ಬಿದ್ದಿದ್ರೆ ತೋರಿಸು," ಎಂದ ಆರ್ಲೋ. "ನನ್ನ ಕೋವಿಗೆ ನಾನು ಈ ಅಚ್ಚು ಬಳ್ಸೋದೇ ಇಲ್ಲ. ನಂದಕ್ಕೆ ಬರೀ ಕತ್ತು ಒತ್ತೋ ಅಚ್ಚು, ಅದು ಬೇರೆ. ಇದನ್ನ ತೆಗೆಯೋದು ಬೇರೆ ಕೋವಿಗೆ ಮಾಡುವಾಗ. ಹೋದ ಚಳಿಗಾಲ ಇದನ್ನ ತೆಗೆದೆ. ನೀನೂ ಕೂತ್ಕೊಂಡೆ, ನಾನೂ ಕಲೀತೀನಿ ಅಂತ. ಮೇಣ ನಿಂದು, ಹಿಡಿ ನಿಂದು. ಮದ್ದು, ಗುಂಡು ಮಾತ್ರ ನಂದು. ಆ ತೋಟಾ ಡಬ್ಬಿ ಯಾರಿಗೆ ಅಂತ ನೆನಪಿದ್ಯಾ, ಇಲ್ಲ ಅದನ್ನೂ ನಾನೇ ಹೇಳ್ಲಾ?"

ನೆನಪಿತ್ತು. ಅವಳದೇ ಕೋವಿಗೆ. ಹೆದ್ದಾರಿಯಲ್ಲಿ ವಾಹನ ಬಡಿದು ಸೊಂಟ ಮುರಿದು ಬಿದ್ದ ಜಿಂಕೆಗಳಿಗೆ ಗತಿ ಕಾಣಿಸುವುದು ಡೆಪ್ಯುಟಿಗಳ ಕೆಲಸ. ಅದಕ್ಕೆಂದೇ ಅವಳ ಸ್ವಂತ ಟೂ-ಸೆವೆಂಟಿ ಕೌಂಟಿಯ ಟ್ರಕ್ಕಿನಲ್ಲಿ, ಸೀಟಿನ ಹಿಂದಿನ ಕೊಂಡಿಗಳಲ್ಲಿ ಇರುತ್ತಿತ್ತು. ಕಣಿವೆಯ ಬೇಟೆಗಾರರ ಕೋವಿಗಳನ್ನೆಲ್ಲ ಪ್ರಯೋಗಾಲಯಕ್ಕೆ ಕಳಿಸುವಾಗ ಆ ಕೋವಿ ಯಾರಿಗೂ ಹೊಳೆಯಲಿಲ್ಲ. ಅವಳಿಗೂ ಹೊಳೆಯಲಿಲ್ಲ. ಮಗ ಹೋದ ಮೇಲೆ ಅವಳು ಬೇಟೆಗೆ ಹೋದವಳೇ ಅಲ್ಲ. ಅದು ಅವಳ ಮಟ್ಟಿಗೆ ಸಲಿಕೆ, ಸರಪಳಿಗಳ ಜೊತೆಗಿನ ಇನ್ನೊಂದು ಸಾಮಾನು.

"ನೀನು... ನಾನು ಮರ್ಲ್‌ನ ಕೊಂದೆ ಅಂದ್ಕೊಂಡಿದ್ದೀಯಾ?"

"ಅಂದ್ಕೊಳ್ಳೋದೇನು ಬಂತು. ದಿಣ್ಣೆ ಮೇಲೆ ಹಿತ್ತಾಳೆ ಸಿಕ್ತು ಅಂತ ನೀನು ಮನೆಗೆ ಬಂದು ಹೇಳಿದ ದಿನಾನೇ ಈ ಅಚ್ಚು ಎತ್ತಿಟ್ಟೆ."

"ಮತ್ತೆ ಇಷ್ಟು ದಿನ ನನ್ನೆದುರು ಕೂತು ಊಟ ಮಾಡ್ದೆ?"

"ಆರು ವರ್ಷದಲ್ಲಿ ಮೊದಲ್ನೇ ಸಲ ರುಚಿಯಾಗಿ ಊಟ ಮಾಡ್ದೆ ಕಣೆ," ಎಂದ ಆರ್ಲೋ. "ನಂಗೆ ಭಯ ಆಗ್ಲಿಲ್ಲ. ಖುಷಿಯಾಯ್ತು. ನನ್ನ ಕೈಲಿ ಆಗ್ಲಿಲ್ಲ, ಇವಳ ಕೈಲಾದ್ರೂ ಆಯ್ತಲ್ಲ ಅಂತ. ನಿನ್ನ ಮೇಲೆ ಮತ್ತೆ ಪ್ರೀತಿ ಬಂತು ಅಂದ್ರೆ ನಂಬ್ತೀಯಾ?"

ಮದುವೆಯಾದ ಹೊಸತರಲ್ಲೂ ಈ ಮನುಷ್ಯ ಆ ಮಾತನ್ನು ಬಾಯಿಬಿಟ್ಟು ಆಡಿದವನಲ್ಲ. ಆಡಲು ಅವನಿಗೆ ಒಂದು ಕೊಲೆ ಬೇಕಾಯಿತು. ಅದೂ ಅವಳು ಮಾಡದ ಕೊಲೆ.

"ಕರ್ಟಿಸ್?" ಎಂದಳು. "ಅವ್ನು ಒಳಗೆ ಕೂತಿದ್ದಾನಲ್ಲ. ಜೀವಾವಧಿ ಆಗ್ತಿತ್ತು ಅವನಿಗೆ. ಅದು ನಿನ್ನ ಲೆಕ್ಕಕ್ಕೇ ಇಲ್ವಾ?"

"ನೀನೇ ಅಲ್ವಾ ಹಾಕಿದ್ದು? ಬುದ್ಧಿವಂತೆ ಅಂದ್ಕೊಂಡೆ."

"ನಿರಪರಾಧಿ ಕಣೋ ಅವ್ನು!"

"ನೆಲ್ಸ್ ಏನು ಅಪರಾಧ ಮಾಡಿದ್ದ?"

ಅವಳು ಹೊಡೆದುಬಿಡುತ್ತಿದ್ದಳೇನೋ. ಕೈ ಎತ್ತಿದ್ದಳು ಕೂಡ. ಆರ್ಲೋ ಹಿಂದೆ ಸರಿಯಲಿಲ್ಲ, ಮುಖವನ್ನು ಹಾಗೇ ಒಡ್ಡಿ ನಿಂತ. ಆ ಮುಖ ನೋಡಿ ಅವಳ ಕೈ ಕೆಳಗಿಳಿಯಿತು.

"ನನ್ನ ಮಾತು ಕೇಳು," ಎಂದಳು ನಿಧಾನವಾಗಿ. "ನಾನು ಮರ್ಲ್‌ನ ಕೊಂದಿಲ್ಲ. ನೆಲ್ಸ್ ಆಣೆಗೂ ಕೊಂದಿಲ್ಲ."

ಆ ಆಣೆ ಅವನನ್ನು ತಟ್ಟಿತು. ಮಗನ ಹೆಸರಿನಲ್ಲಿ ಇಬ್ಬರೂ ಎಂದೂ ಆಣೆ ಇಟ್ಟವರಲ್ಲ. ಅವನ ಕಣ್ಣಿನಲ್ಲಿದ್ದ ಗಟ್ಟಿತನ ಮೊದಲ ಸಲ ಅಲುಗಿತು.

"ನಿನ್ನ ಕೋವಿ ಹಾರಿತ್ತು ನೋರಾ."

"ಏನಂದೆ?"

"ಆ ಭಾನುವಾರ ಟ್ರಕ್ಕಿಂದ ತೆಗೆದು ನೋಡ್ದೆ. ಪ್ರತಿ ವರ್ಷ ಬೇಟೆ ಕಾಲ ಶುರುವಾದಾಗ ಎಲ್ಲ ಕೋವೀನೂ ತೊಳೀತೀನಲ್ಲ. ನಳಿಕೆ ಒಳಗೆ ಹೊಸ ಮಸಿ, ವಾಸನೇನೂ ಇನ್ನೂ ಹೋಗಿರ್ಲಿಲ್ಲ. ಮೊದ್ಲು ಜಿಂಕೆ ಅಂದ್ಕೊಂಡೆ. ಮಾರನೇ ದಿನ ನೀನು ಟೂ-ಸೆವೆಂಟಿ ಅಂದಾಗ ಅರ್ಥ ಆಯ್ತು."

"ಏನು ಮಾಡ್ದೆ?"

"ಮಾಡೋದೇನು? ಆಗ್ಲೇ ತೊಳ್ದಾಗಿತ್ತು. ಆಮೇಲೆ ಇನ್ನೊಂದು ಸಲ ಚೆನ್ನಾಗಿ ತೊಳ್ದೆ. ಹಿಡಿಯಿಂದ ತುದಿವರೆಗೂ. ಬಟ್ಟೆ ಚೂರೆಲ್ಲ ಒಲೆಗೆ ಹಾಕ್ದೆ."

ಹಿಡಿಯಿಂದ ತುದಿವರೆಗೆ. ಬೆರಳಚ್ಚು, ಎಳೆ, ಬೆವರು, ಏನಿತ್ತೋ ಎಲ್ಲ. ಲೆನೋರಾ ಮೆಟ್ಟಿಲಿನ ಮೇಲೆ ಕೂತಳು.

"ಆ ಗುರುವಾರದಿಂದ ಭಾನುವಾರದವರೆಗೆ ಟ್ರಕ್ಕು ನನ್ನ ಹತ್ರ ಇರ್ಲೇ ಇಲ್ಲ ಆರ್ಲೋ," ಎಂದಳು. "ಹೀಟರ್ ಕೆಟ್ಟಿತ್ತು. ಕೌಂಟಿ ಶೆಡ್ಡಲ್ಲಿ ನಿಂತಿತ್ತು. ಡ್ಯೂಟಿ ಅಂತ ನಾನು ಆ ವಾರ ಪೂರ್ತಿ ಆಫೀಸಿನ ಮಂಚದಲ್ಲೇ ಮಲಗ್ತಿದ್ದೆನಲ್ಲ, ಆಫೀಸಿನ ಹಳೇ ಕಾರಲ್ಲೇ ಓಡಾಡಿದ್ದೆ. ಭಾನುವಾರ ಮಧ್ಯಾಹ್ನ ಟ್ರಕ್ಕು ತಗೊಂಡು ಸೀದಾ ಮನೆಗೆ ಬಂದೆ."

ಆರ್ಲೋ ಕೈಯಲ್ಲಿದ್ದ ಹಿತ್ತಾಳೆಯನ್ನು ಮೇಜಿನ ಮೇಲಿಟ್ಟ.

"ಕೋವಿ ಅದರಲ್ಲೇ ಬಿಟ್ಟಿದ್ದೆ. ತೋಟಾ ಡಬ್ಬಿ ಸೀಟಿನ ಕೆಳಗೆ. ಶೆಡ್ಡಿನ ಬೀಗದ ಕೈ ಇರೋ ಯಾರು ಬೇಕಾದ್ರೂ ಎತ್ಕೊಂಡು ಹೋಗಿ, ತಂದು ಇಡ್ಬಹುದಿತ್ತು. ಯಾರೋ ಹಾಗೇ ಮಾಡಿದ್ದಾರೆ. ಅವನ ಗುರುತು ಏನಾದ್ರೂ ಉಳಿದಿದ್ರೆ..."

ಅವಳು ಮಾತು ಮುಗಿಸಲಿಲ್ಲ. ಆರ್ಲೋ ತನ್ನ ಎರಡೂ ಅಂಗೈಗಳನ್ನು ನೋಡಿಕೊಳ್ಳುತ್ತಿದ್ದ. ಉಗುರ ಸಂದಿಯಲ್ಲಿ ಎಣ್ಣೆಯ ಕಪ್ಪು ಕೂತಿತ್ತು. ಹೆಂಡತಿಯನ್ನು ಉಳಿಸುತ್ತಿದ್ದೇನೆಂದು ಅವನು ಉಜ್ಜಿ ತೆಗೆದದ್ದು ಅವಳನ್ನು ಉಳಿಸಬಹುದಾಗಿದ್ದ ಗುರುತನ್ನೇ.

"ಯಾರ ಹತ್ರ ಇದೆ ಶೆಡ್ಡಿನ ಬೀಗದ ಕೈ?" ಎಂದ ಕೊನೆಗೆ. ದನಿ ಸಣ್ಣಗಾಗಿತ್ತು.

"ನನ್ನ ಹತ್ರ. ಮೆಕ್ಯಾನಿಕ್ ಹತ್ರ. ಬಾಯ್ಡ್ ಹತ್ರ."

ಬಾಯ್ಡ್ ಟ್ರಾನ್ಮರ್ ಕೌಂಟಿಯ ಶೆರಿಫ್, ಅವಳ ಮೇಲಧಿಕಾರಿ. ಮರ್ಲ್ ಸತ್ತ ದಿನ ಈ ಕೇಸು ನಂಗೆ ಬೇಡ, ನನ್ನ ಮಗನ ವಿಷಯ ಊರಿಗೆಲ್ಲ ಗೊತ್ತು ಎಂದು ಅವಳು ಕೈಮುಗಿದಿದ್ದಳು. 'ನಿನ್ನ ಬಿಟ್ರೆ ನಂಗೆ ಯಾರಿದ್ದಾರೆ ನೋರಾ?' ಎಂದು ಅವನು ಹೆಗಲು ತಟ್ಟಿದ್ದ. ಆಗ ಅದು ವಿಶ್ವಾಸವೆಂದು ಅವಳಿಗೆ ಅನಿಸಿತ್ತು.

ಇಬ್ಬರೂ ಮೇಲೆ ಬಂದು ಅಂಗಳಕ್ಕೆ ಇಳಿದರು. ತೆಳುವಾಗಿ ಹಿಮ ಉದುರುತ್ತಿತ್ತು. ಲೆನೋರಾ ಟ್ರಕ್ಕಿನ ಬಾಗಿಲು ತೆಗೆದು ಸೀಟಿನ ಕೆಳಗಿನಿಂದ ತೋಟಾದ ಡಬ್ಬಿಯನ್ನು ಎಳೆದಳು. ಸೆಪ್ಟೆಂಬರಿನಲ್ಲಿ ಒಂದು ಜಿಂಕೆಗೆ ಒಂದೇ ತೋಟಾ ಖರ್ಚಾಗಿತ್ತು. ಡಬ್ಬಿಯಲ್ಲಿ ಎರಡು ಗೂಡು ಖಾಲಿಯಿದ್ದವು.

ಅವಳು ಕೈಗವಸು ಹಾಕಿಕೊಂಡು ಕೊಂಡಿಯಿಂದ ಕೋವಿಯನ್ನು ಬಿಡಿಸಿದಳು. ಅದರ ಮೈಯಿಂದ ಆರ್ಲೋ ಬಳಸುವ ಎಣ್ಣೆಯ ವಾಸನೆ ಬರುತ್ತಿತ್ತು.

"ಇದನ್ನ ನಾನೇ ಪ್ರಯೋಗಾಲಯಕ್ಕೆ ತಗೊಂಡು ಹೋಗ್ತೀನಿ," ಎಂದಳು. "ಈಗ್ಲೇ. ಬಾಯ್ಡ್‌ಗೆ ಹೇಳ್ದೆ. ಕರ್ಟಿಸ್ ಒಳಗೆ ಇರ್ಬಾರ್ದು, ಇನ್ನೊಂದು ದಿನಾನೂ."

"ಹೋದ್ರೆ ನಿನ್ನನ್ನೇ ಹಾಕ್ತಾರೆ ನೋರಾ. ಕೋವಿ ನಿಂದು, ತೋಟಾ ನಿಂದು, ಸತ್ತವನು ಮರ್ಲ್. ಯಾವ ಜೂರಿ ನಂಬುತ್ತೆ?"

"ನಮ್ಮ ಜೂರಿ ಎಂಥದ್ದು ಅಂತ ನಂಗೂ ಗೊತ್ತು."

ಟ್ರಕ್ಕಿನೊಳಗಿನ ರೇಡಿಯೋ ಕರಕರ ಎಂದಿತು. ಆಫೀಸಿನಲ್ಲಿ ರೇಡಿಯೋ ನೋಡಿಕೊಳ್ಳುವ ರೂಬಿಯಲ್ಲ, ಶೆರಿಫ್‌ನದೇ ದನಿ. ಭಾನುವಾರ ರೇಡಿಯೋ ಮುಟ್ಟುವ ಮನುಷ್ಯನಲ್ಲ ಅವನು.

"ನೋರಾ, ಬಾಯ್ಡ್ ಮಾತಾಡ್ತಿರೋದು. ನಿನ್ನ ಟ್ರಕ್ಕಲ್ಲಿರೋ ಕೋವಿ ಮುಟ್ಬೇಡ. ಡಬ್ಬೀನೂ ಮುಟ್ಬೇಡ. ಇರೋ ಹಾಗೇ ಬಿಟ್ಟು ಮನೆಯೊಳಗೆ ಹೋಗು. ನಾನು ನಿಮ್ಮ ರಸ್ತೆಗೆ ತಿರುಗ್ತಾ ಇದ್ದೀನಿ."

ಲೆನೋರಾ ಕೋವಿಯನ್ನು ಎಡಗೈಗೆ ಬದಲಾಯಿಸಿ ರೇಡಿಯೋದ ಗುಂಡಿ ಒತ್ತಿದಳು. ಭುಜದ ಗುಳಿಯ ಮಾತು ಹುಟ್ಟಿ ಅರ್ಧ ಗಂಟೆಯೂ ಆಗಿರಲಿಲ್ಲ, ಅದೂ ನೆಲಮಾಳಿಗೆಯಲ್ಲಿ, ಇಬ್ಬರ ನಡುವೆ.

"ಯಾವ ಕೋವಿ ಬಾಯ್ಡ್? ನನ್ನ ಕೋವಿ ಸುದ್ದಿ ನಿಂಗೆ ಯಾರು ಹೇಳಿದ್ದು?"

ರೇಡಿಯೋ ಮತ್ತೆ ಕರಕರ ಎಂದಿತು.

"ಆರ್ಲೋ," ಎಂದಿತು ದನಿ. "ಬೆಳಿಗ್ಗೆ ನೀನು ಚರ್ಚಿಗೆ ಹೋದಾಗ ಫೋನ್ ಮಾಡಿದ್ದ. ಪಾಪ, ಅಳ್ತಾ ಇದ್ದ. ಎಲ್ಲಾ ಹೇಳ್ದ ನೋರಾ."

ಅವಳು ತಿರುಗಿದಳು.

ಆರ್ಲೋ ಹಿಮದಲ್ಲಿ ಬರಿತಲೆಯಲ್ಲಿ ನಿಂತಿದ್ದ. ಮುಖದಿಂದ ರಕ್ತವೆಲ್ಲ ಇಳಿದುಹೋಗಿತ್ತು. ಇಲ್ಲ, ಇಲ್ಲ ಎಂದು ತಲೆಯಾಡಿಸುತ್ತಿದ್ದ.

ಇಬ್ಬರಲ್ಲಿ ಒಬ್ಬ ಸುಳ್ಳು ಹೇಳುತ್ತಿದ್ದ. ಒಬ್ಬನ ಜೊತೆ ಅವಳು ಮೂವತ್ತು ವರ್ಷ ಬಾಳಿದ್ದಳು, ಇನ್ನೊಬ್ಬನ ಕೈಕೆಳಗೆ ಇಪ್ಪತ್ತು ವರ್ಷ ದುಡಿದಿದ್ದಳು.

ರಸ್ತೆಯ ತಿರುವಿನಲ್ಲಿ ವಾಹನದ ದೀಪಗಳು ಕಂಡವು. ಒಂದಲ್ಲ, ಮೂರು ವಾಹನ.

"ಒಳಗೆ ಹೋಗು ಆರ್ಲೋ," ಎಂದಳು ಲೆನೋರಾ.

ಕೋವಿಯನ್ನು ಮಾತ್ರ ಅವಳು ಕೆಳಗಿಡಲಿಲ್ಲ.